ಬೋರ್ಡ್ ಹೋಗಿದೆ ಸಾರ್!

ಕ್ಯಾಮೆರಾದ ಪರದೆ ಕಪ್ಪಾದರೆ ಸಾಕು, ನಮ್ಮ ಕಡೆ ತೀರ್ಪು ಒಂದೇ: "ಬೋರ್ಡ್ ಹೋಗಿದೆ ಸಾರ್." ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಈ ಮಾತನ್ನು ಕನ್ನಡದಲ್ಲೂ ಕೇಳಿದ್ದೇನೆ, ತೆಲುಗಿನಲ್ಲೂ ಕೇಳಿದ್ದೇನೆ. ಮೊನ್ನೆ ಶಿಡ್ಲಘಟ್ಟದ ಮದುವೆ ಫೋಟೋಗ್ರಾಫರ್ ಹುಡುಗನೊಬ್ಬ ಅದೇ ತೀರ್ಪು ಹೊತ್ತು ಬಂದ. ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ಬಾಡಿ ಬಿಚ್ಚದೆಯೇ ಹೇಳಿಬಿಟ್ಟಿದ್ದರಂತೆ. "ಅಣ್ಣ, ಸಾಲ ಮಾಡಿ ಹೊಸದೇ ತಗೊಂಬಿಡ್ಲಾ?"

ಶಟರ್ ಒತ್ತಿದೆ, ಟಕ್ ಎಂದಿತು. ಕಾರ್ಡಿನಲ್ಲಿ ಚಿತ್ರವೂ ಬಿದ್ದಿತ್ತು. ಹಾಗಿದ್ದ ಮೇಲೆ ಬೋರ್ಡ್ ಹೋಗಿದ್ದು ಎಲ್ಲಿಗೆ? ಕಣ್ಣಿಡುವ ಕಿಂಡಿಯ ಹತ್ತಿರ ಒಂದು ಪುಟ್ಟ ಕಪ್ಪು ಗಾಜು ಇರುತ್ತದೆ. ಅದರಿಂದ ಹೊರಟ ಅತಿಗೆಂಪು ಬೆಳಕು ಮುಖಕ್ಕೆ ತಾಗಿ ವಾಪಸಾದರೆ, ಯಾರೋ ಕಿಂಡಿಗೆ ಕಣ್ಣಿಟ್ಟಿದ್ದಾರೆಂದು ಕ್ಯಾಮೆರಾ ಪರದೆ ಆರಿಸುತ್ತದೆ. ಬ್ಯಾಟರಿ ಉಳಿತಾಯದ ಉಪಾಯ. ಹುಡುಗನ ಕ್ಯಾಮೆರಾದಲ್ಲಿ ಆ ಗಾಜಿನ ಮೇಲೆ ಅರಿಸಿನ, ಕುಂಕುಮ, ಹಣೆಯ ಬೆವರು ಮೂರೂ ಸೇರಿ ಪಕ್ಕು ಕಟ್ಟಿತ್ತು. ಪಂಚೆಯ ಅಂಚನ್ನು ಒದ್ದೆ ಮಾಡಿ ಒರೆಸಿದೆ. ಪರದೆ ಬೆಳಗಿತು. ಸಾಲ ಉಳಿಯಿತು.

ಪರದೆಯ ರೋಗಕ್ಕೆ ನನ್ನ ಪರೀಕ್ಷೆಗಳು ಎರಡೇ. ಎಚ್‌ಡಿಎಂಐ ವೈರಿನಿಂದ ಟಿವಿಗೆ ಜೋಡಿಸಿ. ಚಿತ್ರ ಅಲ್ಲಿ ಕಂಡರೆ ಬೋರ್ಡಿನ ಮೇಲೆ ಗೂಬೆ ಕೂರಿಸಬೇಡಿ. ಹೊರಗೆ ತಿರುಗುವ ಪರದೆಯಾದರೆ ಮೆಲ್ಲಗೆ ಅತ್ತಿತ್ತ ತಿರುಗಿಸಿ. ಒಂದು ಕೋನದಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ ಎಂದರೆ ಕೀಲಿನೊಳಗಿನ ಪಟ್ಟಿ ಕೇಬಲ್ ಸವೆದಿದೆ. ಅದನ್ನು ಬದಲಾಯಿಸಬಹುದು. ಇದಕ್ಕೂ ಮೊದಲು ಡಿಸ್ಪ್ಲೇ ಗುಂಡಿಯನ್ನು ಒಮ್ಮೆ ಒತ್ತಿ ನೋಡುವುದು ಮರ್ಯಾದೆ.

ಇನ್ನು ನಂದಿ ಬೆಟ್ಟ. 1,478 ಮೀಟರ್ ಎತ್ತರ, ಡಿಸೆಂಬರಿನ ಬೆಳಗು, ಮಂಜು. ಅಲ್ಲಿ ಹಳೆಯ ಬ್ಯಾಟರಿಗಳು ಸೂರ್ಯ ಮೂಡುವ ಮೊದಲೇ ಕೈ ಎತ್ತುತ್ತವೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದಂತೆ ಒಳಗಿನ ದ್ರಾವಣ ಮಂದವಾಗಿ, ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ. ವೋಲ್ಟೇಜ್ ಕುಸಿದದ್ದನ್ನು ಕಂಡ ಕ್ಯಾಮೆರಾ 'ಖಾಲಿ' ಎಂದು ಕೂಗುತ್ತದೆ. ಖಾಲಿಯಾಗಿರುವುದಿಲ್ಲ. ಅಂಗಿಯ ಒಳಜೇಬಿನಲ್ಲಿಟ್ಟು ಒಂದು ಲೋಟ ಚಹಾ ಕುಡಿದು ಬನ್ನಿ, ಇನ್ನಷ್ಟು ಚಿತ್ರ ತೆಗೆಯುವಷ್ಟು ಜೀವ ಬಂದಿರುತ್ತದೆ. ಮಂಜಿನ ಹನಿ ಕೂತು ಆ ಕಪ್ಪು ಗಾಜು ಮೋಸಹೋಗುವುದೂ ಅಲ್ಲಿಯೇ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಅಂಗಳದಲ್ಲಿ ಕಾಟ ಬೇರೆ. ನಡುಹಗಲಿನ ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಅದರ ಬೆಳಕನ್ನು ತುದಿಗೇರಿಸುತ್ತಾರೆ. ಬ್ಯಾಟರಿ ಅರ್ಧಕ್ಕಿಳಿಯುತ್ತದೆ, ಬಿಳಿ ಗೂಡಿನ ರಾಶಿ ಚಿತ್ರದಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಪರದೆಯಲ್ಲಿ ಹಾಲಿನಂತೆ ತೋರುತ್ತದೆ. ಹಿಸ್ಟೋಗ್ರಾಂ ನೋಡಿ ಎಂದರೆ "ಅದೆಲ್ಲ ಯಾರ್ ನೋಡ್ತಾರಣ್ಣ" ಎಂಬ ಉತ್ತರ ಸಿದ್ಧ.

ಇದನ್ನೆಲ್ಲ ನಕ್ಕು ಸಹಿಸಬಲ್ಲೆ. ಸಹಿಸಲಾರದ್ದು "ಪೂರ್ತಿ ಇಳಿಸಿ ಆಮೇಲೆ ಚಾರ್ಜ್‌ಗೆ ಹಾಕು" ಎಂಬ ಉಪದೇಶ. ಹಿರಿಯ ಸ್ಟುಡಿಯೋದವರು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಹುಡುಗರಿಗೆ ಕೊಡುವ ಮೊದಲ ದೀಕ್ಷೆ ಇದು. ನಿಕೆಲ್-ಕ್ಯಾಡ್ಮಿಯಂ ಕಾಲದ ಮಾತು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಅಂಥ 16 ಬ್ಯಾಟರಿಗಳಿಂದ ನಡೆಯುತ್ತಿತ್ತು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು, ನೋಡಲು ಟಿವಿ. ಬೆನ್ನಿಗೆ ಪರದೆ ಹೊತ್ತ ಕ್ಯಾಸಿಯೋ ಕ್ಯೂವಿ-10 ಅಂಗಡಿಗೆ ಬಂದದ್ದು 1995ರಲ್ಲಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೂ ಅದರ ಹಸಿವು ಇಂಗುತ್ತಿರಲಿಲ್ಲ. ಪರದೆ ಮತ್ತು ಬ್ಯಾಟರಿಯ ಜಗಳ ಅಲ್ಲಿಂದಲೇ ಶುರು.

ಆದರೆ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ! ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಕೂಡ ಬಂತು. ನಮ್ಮ ಬೆಂಚಿಗೆ ಮಾತ್ರ ಸುದ್ದಿ ತಲುಪಿಲ್ಲ. ಈ ಬ್ಯಾಟರಿಗೆ ಪೂರ್ತಿ ಇಳಿಯುವುದೇ ಆಗದು. ತೀರಾ ಇಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಗುರುಗಳ ಮಾತಿನಂತೆ ಪೂರ್ತಿ ಇಳಿಸಿದ ಬ್ಯಾಟರಿಯನ್ನು ಕ್ಯಾಮೆರಾದಲ್ಲೇ ಬಿಟ್ಟು ಬೀರುವಿಗೆ ಸೇರಿಸುತ್ತಾರೆ. ಅದು ಅಲ್ಲೇ ಇನ್ನಷ್ಟು ಸೋರುತ್ತದೆ. ಶ್ರಾವಣದಲ್ಲಿ ಚಾರ್ಜರಿಗೆ ಹಾಕಿದರೆ ದೀಪ ಪಟಪಟ ಮಿನುಗುತ್ತದೆ, ಚಾರ್ಜ್ ಏರುವುದಿಲ್ಲ. "ಅಯಿಪೋಯಿಂದಿ ಸಾರ್," ಎನ್ನುತ್ತಾನೆ ಚಿಂತಾಮಣಿಯ ಹುಡುಗ. ಮುಗಿಸಿದವರು ಯಾರಪ್ಪ? ಗುರುಗಳನ್ನು ಕೇಳಿದರೆ, ಈಗಿನ ಮಾಲೇ ಹಾಗೆ ಎನ್ನುತ್ತಾರೆ.

ಅವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಹುಡುಗರಿಗಷ್ಟೇ ಹೇಳುತ್ತೇನೆ: ಕಾಲು ಭಾಗ ಉಳಿದಿರುವಾಗಲೇ ಚಾರ್ಜ್‌ಗೆ ಹಾಕಿ. ಬ್ಯಾಟರಿಯ ಹಿತ್ತಾಳೆ ಬಣ್ಣದ ಸಂಪರ್ಕ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿಬಿಡಿ. ಆಷಾಢಕ್ಕೆ ಮುನ್ನ ಅರ್ಧ ಚಾರ್ಜ್ ಇರುವ ಬ್ಯಾಟರಿಯನ್ನು ಕ್ಯಾಮೆರಾದಿಂದ ಹೊರತೆಗೆದು, ತಂಪಾದ ಒಣ ಜಾಗದಲ್ಲಿ ಬೇರೆಯಾಗಿ ಇಡಿ.