ಅಮ್ಮಿಗೆ ಕಡಲು ತೋರಿಸಲು ಹೊರಟೆವು

ರಜೆ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಮಾತು. ಮಕ್ಕಳು "ಎಲ್ಲಿಗಾದರೂ ಹೋಗೋಣ" ಎನ್ನುತ್ತಾರೆ, ಇವರು "ನೋಡೋಣ" ಎನ್ನುತ್ತಾರೆ. ನೋಡುತ್ತಾ ನೋಡುತ್ತಾ ಶಾಲೆ ಶುರುವಾಗಿಬಿಡುತ್ತದೆ. ಹೆಚ್ಚೆಂದರೆ ಮಾಗಡಿಯ ಮಾಮೂ ಮನೆಗೆ ಎರಡು ದಿನ, ಲಾಲ್‌ಬಾಗಿಗೆ ಒಂದು ಸಂಜೆ. ವಿಜಯನಗರದ ಎರಡು ಕೋಣೆಯ ಬಾಡಿಗೆ ಮನೆ, ಇವರಿಗೆ ಆಟೋ, ನನಗೆ ಹೊಲಿಗೆ ಯಂತ್ರ. ಇಷ್ಟರಲ್ಲಿ ಪ್ರವಾಸ ಎಂಬ ಮಾತು ಬಂದರೆ ನಗುವೇ ಬರುತ್ತಿತ್ತು.

ಆದರೆ ಕಳೆದ ವರ್ಷ ಅಮ್ಮಿಯ ಮಂಡಿ ನೋವು ಜಾಸ್ತಿಯಾಯಿತು. ಒಂದು ದಿನ ಮಾತ್ರೆ ನುಂಗುತ್ತಾ ಅವರೇ ಅಂದರು, "ನಿಮ್ಮ ಅಬ್ಬಾ ಒಂದು ಸಲ ಮಂಗಳೂರಿಗೆ ಕರೆದುಕೊಂಡು ಹೋಗಿ ಕಡಲು ತೋರಿಸುತ್ತೇನೆ ಅಂದಿದ್ದರು. ಇನ್ನು ಈ ಕಾಲಲ್ಲಿ ಎಲ್ಲಿಗೆ." ಅಬ್ಬಾ ತೀರಿಕೊಂಡು ಮೂರು ವರ್ಷ. ಇದ್ದತ್ ಮುಗಿದ ಮೇಲೂ ಅಮ್ಮಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಎಂಬಂತೆ ಇದ್ದರು. ಅವರಿಗೆ ಅರವತ್ತಾರು ವಯಸ್ಸು. ಸಮುದ್ರವನ್ನು ಟಿವಿಯಲ್ಲಿ ಮಾತ್ರ ನೋಡಿದವರು. ಆ ರಾತ್ರಿ ನಾನೂ ಆಪಾಳೂ ಕೂತು ಲೆಕ್ಕ ಹಾಕಿದೆವು. ಆಪಾಳಿಗೆ ಚೀಟಿ ಹಣ ಬರುವುದಿತ್ತು. ನನ್ನ ಬ್ಲೌಸ್ ಹೊಲಿಗೆಯ ಡಬ್ಬಿಯಲ್ಲಿ ಏಳು ಸಾವಿರ ಚಿಲ್ಲರೆ ಇತ್ತು. ಎಲ್ಲಾ ಸೇರಿ 15,000 ರೂಪಾಯಿ. ಆರು ಜನ, ಮೂರು ದಿನ. ಅದನ್ನು ದಾಟಬಾರದು.

ಮಂಗಳೂರೆಂದೇ ಹೊರಟಿದ್ದೆವು. ಅಲ್ಲಿ ಎರಡು ಕೋಣೆಯ ಬಾಡಿಗೆ ವಿಚಾರಿಸಿದಾಗಲೇ ಬೆವರಿತು. ನನ್ನಲ್ಲಿ ಬುರ್ಖಾ ಹೊಲಿಸಿಕೊಳ್ಳುವ ಬ್ಯಾರಿ ಹೆಂಗಸೊಬ್ಬರು, "ಐವತ್ತು ಕಿಲೋಮೀಟರ್ ಮುಂದೆ ಹೋಗಿ, ಕಾಸರಗೋಡಿನಲ್ಲಿ ಇಳಿಯಿರಿ. ಕೋಟೆಯೂ ಇದೆ, ಕಡಲೂ ಇದೆ, ಖರ್ಚು ಕಡಿಮೆ" ಎಂದರು. ಇವರು ಮುಖ ಗಂಟು ಹಾಕಿದರು. "ಅದು ಕೇರಳ. ಭಾಷೆ ಬಾರದ ಗಡಿ ಊರು. ಹೆಂಗಸರು ಮಕ್ಕಳು ಹೇಗೆ ಹೋಗುತ್ತೀರಿ?" ಎಂದು ಮೂರು ದಿನ ಅದೇ ರಾಗ. ಕೊನೆಗೆ ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದ ಮೇಲೆ ಒಪ್ಪಿದರು. ಅವರ ಆತಂಕವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆತಂಕ ಪಡುವವರು ಒಂದು ಸಲ ವಿಚಾರಿಸಿ ಆತಂಕ ಪಟ್ಟರೆ ಎಲ್ಲರಿಗೂ ಅನುಕೂಲ.

ಭಾಷೆಯ ಮಾತೇ ತೆಗೆದುಕೊಳ್ಳಿ. ಕಾಸರಗೋಡು ಒಂದು ಕಾಲದಲ್ಲಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ತಾಲೂಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾದಾಗ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತಾದರೂ ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಂದಿಗೂ ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಉಪ್ಪಳದ ಕಡೆ ಉರ್ದು ಮಾತಾಡುವ ಮುಸ್ಲಿಮ್ ಕುಟುಂಬಗಳೇ ಇವೆ. ನಮ್ಮನ್ನು ಮಾತಾಡಿಸಿದ ಅಂಗಡಿಯವರು "ಎಂತ ಬೇಕು?" ಎಂದು ಕನ್ನಡದಲ್ಲೇ ಕೇಳಿದಾಗ ಅಮ್ಮಿಯ ಮುಖದಲ್ಲಿ ಮೂಡಿದ ನೆಮ್ಮದಿ ನೋಡಬೇಕಿತ್ತು.

ಬೇಸಿಗೆಯನ್ನು ಬಿಟ್ಟು ದಸರಾ ರಜೆಯನ್ನೇ ಆರಿಸಿದೆವು. ಏಪ್ರಿಲ್, ಮೇ ತಿಂಗಳಲ್ಲಿ ಕೇರಳದ ಶಾಲೆಗಳಿಗೂ ರಜೆ, ಜನಸಂದಣಿ ಜಾಸ್ತಿ. ಸೆಕೆಯಂತೂ ಬೆಂಗಳೂರಿನವರಿಗೆ ತಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿನ ಹತ್ತಿರ ಮಕ್ಕಳನ್ನು ಬಿಡುವುದೇ ಅಪಾಯ. ಒಂದು ತೊಂದರೆ ಇದೆ, ದಸರಾಕ್ಕೆ ರೈಲು ಬೇಗ ತುಂಬುತ್ತದೆ. ಈಗ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್‌ಗೆ ಮೊದಲು 120 ದಿನವಿತ್ತು). ಅದೇ ದಿನ ಬೆಳಿಗ್ಗೆ ತಮ್ಮ ಟಿಕೆಟ್ ಮಾಡಿದ.

ಬೆಂಗಳೂರು-ಕಣ್ಣೂರು ರಾತ್ರಿ ರೈಲು ಹಾಸನ, ಮಂಗಳೂರಿನ ಮೂಲಕ ಕಾಸರಗೋಡಿಗೆ ಹೋಗುತ್ತದೆ. ಸ್ಲೀಪರ್ ದರ ಒಬ್ಬರಿಗೆ 400 ರೂಪಾಯಿಯ ಒಳಗೇ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರಲ್ಲೇ ನಿಂತುಹೋಗಿದೆ, ಅಮ್ಮಿಗೂ ಪೂರ್ತಿ ದರ. ಆದರೆ ಹಿರಿಯರಿಗೂ 45 ವರ್ಷ ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತಿನ ಮೀಸಲು ಇದೆ. ಟಿಕೆಟ್ ಮಾಡುವಾಗ ವಯಸ್ಸನ್ನು ಸರಿಯಾಗಿ ಬರೆಯಿರಿ. ಕೆಲವರು ನಾಚಿಕೆಯಿಂದ ಕಡಿಮೆ ಬರೆಸಿ ಆಮೇಲೆ ಮೇಲಿನ ಬರ್ತಿಗೆ ಹತ್ತಲಾಗದೆ ಒದ್ದಾಡುತ್ತಾರೆ! 5ರಿಂದ 11 ವರ್ಷದ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ.

ವಿಜಯನಗರದಿಂದ ಮೆಟ್ರೋದಲ್ಲಿ ಹತ್ತಿದರೆ ಸಿಟಿ ರೈಲು ನಿಲ್ದಾಣ ಮೂರನೆಯದು. ಕೆಂಗೇರಿಯವರಿಗೂ 2021ರ ಆಗಸ್ಟ್‌ನಿಂದ ಅದೇ ನೇರಳೆ ಮಾರ್ಗ ಸಿಕ್ಕಿದೆ. ರಾಜಾಜಿನಗರ, ಬಸವೇಶ್ವರನಗರದವರಿಗೆ ಯಶವಂತಪುರವೇ ಹತ್ತಿರ, ಟಿಕೆಟಿನಲ್ಲಿ ಹತ್ತುವ ನಿಲ್ದಾಣ ಅದೆಂದೇ ನಮೂದಿಸಿ. ಇನ್ನೂ ಅಗ್ಗದಲ್ಲಿ ಹೋಗಬೇಕೆಂಬ ಸಹೋದರಿಯರು ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಮಂಗಳೂರಿನ ತನಕ ಉಚಿತವಾಗಿ ಹೋಗಬಹುದು. 2023ರ ಜೂನ್‌ನಲ್ಲಿ ಶುರುವಾದ ಆ ಸೌಲಭ್ಯ ನಮ್ಮ ರಾಜ್ಯದೊಳಗೆ ಮಾತ್ರ, ತಲಪಾಡಿ ದಾಟಿದ ಪ್ರಯಾಣಕ್ಕೆ ದುಡ್ಡು ಕೊಡಬೇಕು. ಮಂಡಿ ನೋವಿನವರನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸುವ ಧೈರ್ಯ ನನಗೆ ಬರಲಿಲ್ಲ.

ರಾತ್ರಿಯ ಊಟ ಮನೆಯಿಂದಲೇ. ಚಪಾತಿ, ಕೈಮಾ ಪಲ್ಯ, ನಿಂಬೆಹಣ್ಣಿನ ಅನ್ನ. ಸಕಲೇಶಪುರದ ಘಾಟಿಯ 57 ಸುರಂಗಗಳನ್ನು ಕತ್ತಲಲ್ಲೇ ದಾಟಿದೆವು. ಬೆಳಿಗ್ಗೆ ಮಂಗಳೂರು ಬಿಟ್ಟ ಮೇಲೆ ನೇತ್ರಾವತಿ ಸೇತುವೆ, ತೆಂಗಿನ ತೋಟ, ಹೆಂಚಿನ ಮನೆಗಳು. ಮಕ್ಕಳು ಕಿಟಕಿ ಬಿಡಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ ಹೀಗೆ ಬಂದು ಹಾಗೆ ಹೋಯಿತು.

ಕಾಸರಗೋಡಿನಲ್ಲಿ ಮೊದಲ ಪಾಠ ಲಾಡ್ಜಿನಲ್ಲಿ. ಫೋನಿನಲ್ಲಿ ಒಂದು ಬಾಡಿಗೆ ಹೇಳಿದ್ದವರು ಎದುರಿಗೆ ಹೋದಾಗ ಕೋಣೆಗೆ ಮುನ್ನೂರು ಹೆಚ್ಚು ಕೇಳಿದರು. ಅದಕ್ಕೂ ಸರಿಯೆಂದು ಒಳಗೆ ಹೋದರೆ ಬಾಗಿಲಿನ ಚಿಲಕವೇ ಕೂರುತ್ತಿರಲಿಲ್ಲ. "ಸಂಜೆ ಸರಿ ಮಾಡಿಸುತ್ತೇವೆ" ಎಂದರು. ಆಪಾ ಒಂದೇ ಮಾತು, "ಚೀಲ ಎತ್ತಿ." ಅಮ್ಮಿಯನ್ನು ಸ್ಟೂಲಿನ ಮೇಲೆ ಕೂರಿಸಿ ತಮ್ಮ ಅರ್ಧ ಗಂಟೆ ಅಲೆದು ಹೊಸ ಬಸ್ ನಿಲ್ದಾಣದ ಕಡೆ ಬೇರೆ ಎರಡು ಕೋಣೆ ಹಿಡಿದ, ದಿನಕ್ಕೆ ಕೋಣೆಗೆ 1,000. ಆದ್ದರಿಂದ ಹೇಳುತ್ತೇನೆ, ಮುಂಗಡ ಪೂರ್ತಿ ಕೊಡಬೇಡಿ. ಕೊಡುವ ಮೊದಲು ಚಿಲಕ, ಕಿಟಕಿ, ನಲ್ಲಿ ನೋಡಿ. ಎಲ್ಲ ದೊಡ್ಡವರ ಗುರುತಿನ ಚೀಟಿ ಇಟ್ಟುಕೊಳ್ಳಿ. ರೈಲಿನಲ್ಲಿ ತೊಂದರೆಯಾದರೆ 139, ಊರಿನಲ್ಲಾದರೆ 112 ಎಂದು ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದೆವು.

ಮಧ್ಯಾಹ್ನ ಮಲಗಿ, ಮೂರೂವರೆಗೆ ಬಸ್ಸಿನಲ್ಲಿ ಬೇಕಲ ಕೋಟೆಗೆ ಹೊರಟೆವು. ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ದಾರಿಯಲ್ಲಿ ಚಂದ್ರಗಿರಿ ಹೊಳೆಯ ಸೇತುವೆ. ಅದನ್ನು ದಾಟುವಾಗ ನನಗೆ ಸಾರಾ ಅಬೂಬಕ್ಕರ್ ನೆನಪಾದರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದವರು. ಗಂಡನ ಮನೆಗೂ ತಂದೆಯ ಹಟಕ್ಕೂ ನಡುವೆ ಸಿಕ್ಕಿಬಿದ್ದ ಹೆಣ್ಣೊಬ್ಬಳ ಕಥೆ ಅದು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಕಾಲೇಜಿನ ದಿನಗಳಲ್ಲಿ ಒಂದೇ ರಾತ್ರಿಯಲ್ಲಿ ಓದಿ ಅತ್ತ ಪುಸ್ತಕದ ಹೊಳೆ ಕಣ್ಣೆದುರಿಗೇ ಶಾಂತವಾಗಿ ಹರಿಯುತ್ತಿತ್ತು.

ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ ಬೇಕಲ. ಆಮೇಲೆ ಹೈದರ್ ಅಲಿ, ಟಿಪ್ಪು ಸುಲ್ತಾನ್, ಕೊನೆಗೆ ಇಂಗ್ಲಿಷರು. 40 ಎಕರೆಯಷ್ಟು ವಿಸ್ತಾರ, ಕೇರಳದ ಕೋಟೆಗಳಲ್ಲಿ ಇದೇ ದೊಡ್ಡದು. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಒಳಗೆ ನೆರಳು ತೀರಾ ಕಡಿಮೆ, ಕೊಡೆ ಮತ್ತು ನೀರು ಮರೆಯಬೇಡಿ. ನಡುವಿನ ಎತ್ತರದ ವೀಕ್ಷಣಾ ಬುರುಜಿಗೆ ಅಗಲವಾದ ಇಳಿಜಾರು ದಾರಿ ಇರುವುದರಿಂದ ಅಮ್ಮಿ ತಮ್ಮನ ತೋಳು ಹಿಡಿದು ನಿಧಾನವಾಗಿ ಹತ್ತಿದರು. ಮೇಲೆ ಹೋಗಿ ನಿಂತು ಪಡುವಣಕ್ಕೆ ತಿರುಗಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದರ ಆಚೆ ದಡ ಕಾಣುವುದೇ ಇಲ್ಲವಲ್ಲ" ಎಂದರು. ಸುಬ್‌ಹಾನಲ್ಲಾಹ್ ಎಂದು ಎರಡು ಮೂರು ಸಲ ಅಂದರು. ನಾನು ಅಬ್ಬಾರ ಹೆಸರೆತ್ತಲಿಲ್ಲ, ಅವರೂ ಎತ್ತಲಿಲ್ಲ.

ಕೆಳಗೆ ದಡದಲ್ಲಿ ಮಾತ್ರ ಒಂದು ಗಾಬರಿ. ಮೊಣಕಾಲು ನೀರಿಗಿಂತ ಮುಂದೆ ಹೋಗಬಾರದೆಂದು ಹೇಳಿದ್ದರೂ ಚಿಕ್ಕವನು ಹಿಂದಿರುಗಿ ನಗುತ್ತಾ ನಿಂತಿದ್ದಾಗ ಅಲೆ ಬಂದು ಕೆಡವಿತು. ತಮ್ಮ ಅಂಗಿ ಹಿಡಿದೆಳೆದ. ಚಪ್ಪಲಿ ಒಂದು ಹೋಯಿತು. ಕಡಲಿಗೆ ಬೆನ್ನು ಹಾಕಿ ಮಕ್ಕಳನ್ನು ನಿಲ್ಲಿಸಬೇಡಿ, ಫೋಟೋಗಂತೂ ಬೇಡವೇ ಬೇಡ.

ಮರುದಿನ ತಳಂಗರೆ. ರೈಲು ನಿಲ್ದಾಣದಿಂದ ಆಟೋದಲ್ಲಿ ಹತ್ತೇ ನಿಮಿಷ. ಇಸ್ಲಾಮ್ ಧರ್ಮವನ್ನು ಈ ಕರಾವಳಿಗೆ ತಂದರೆಂದು ನಂಬಲಾದ ಮಾಲಿಕ್ ದೀನಾರ್‌ರ ಹೆಸರಿನ ಮಸೀದಿ ಇಲ್ಲಿದೆ. ಮಲಬಾರಿನ ಅತ್ಯಂತ ಹಳೆಯ ಮಸೀದಿಗಳಲ್ಲಿ ಒಂದೆಂದು ಪ್ರತೀತಿ. ಮಹಿಳೆಯರಿಗೆ ಎಲ್ಲಿಯವರೆಗೆ ಪ್ರವೇಶ ಎಂಬುದನ್ನು ಮೊದಲೇ ಅಲ್ಲಿಯ ಕಚೇರಿಯಲ್ಲಿ ಕೇಳಿಕೊಂಡರೆ ಮುಜುಗರವಿಲ್ಲ. ಪ್ರಯಾಣದ ಮೂರೂ ದಿನ ನಾವು ಕೋಣೆಯಲ್ಲೇ ಕಸ್ರ್ ಮಾಡಿ ನಮಾಝ್ ಮುಗಿಸುತ್ತಿದ್ದೆವು. ತಳಂಗರೆಯ ಟೊಪ್ಪಿ ಬಹಳ ಹೆಸರುವಾಸಿ. ಹೊಲಿಗೆಯವಳ ಕಣ್ಣಿಗೆ ಅದು ಹಬ್ಬ. ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನಲ್ಲಿ ಎಷ್ಟು ಸಣ್ಣ ಕೈ ಕಸೂತಿ! ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಮನೆಯಲ್ಲಿ ಕೂತ ಹೆಂಗಸರೇ, ಕೊಲ್ಲಿ ರಾಷ್ಟ್ರಗಳಿಗೂ ಅದು ಹೋಗಿದೆ. ಯಂತ್ರದ ಟೊಪ್ಪಿಗಳು ಬಂದ ಮೇಲೆ ಕೈಕೆಲಸ ಕಡಿಮೆಯಾಗಿದೆ. ಇವರಿಗೊಂದು, ತಮ್ಮನಿಗೊಂದು ಕೊಂಡೆ. ಮಾಲಿಗೆ ಕೊಡುವ ಬೆಲೆಯಲ್ಲಿ ಹೆಚ್ಚು ಚೌಕಾಶಿ ಮಾಡಲು ನನಗೆ ಮನಸ್ಸಾಗಲಿಲ್ಲ, ನನ್ನ ಬ್ಲೌಸಿಗೆ ಚೌಕಾಶಿ ಮಾಡುವವರು ನೆನಪಾದರು.

ಊಟದ ಚಿಂತೆಯೇ ಇರಲಿಲ್ಲ. ಬೆಳಿಗ್ಗೆ ಪತ್ತಿರಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು. ಅಮ್ಮಿಗೆ ಆ ದಪ್ಪ ಅನ್ನ ಹಿಡಿಸಲಿಲ್ಲ. "ಇದು ಬೆಂದಿದೆಯಾ?" ಎಂದು ಎರಡು ಸಲ ಕೇಳಿದರು.

ಕೊನೆಯ ದಿನ ನಿಲ್ದಾಣಕ್ಕೆ ಬಿಟ್ಟ ಆಟೋದವರು 2020ರ ಮಾರ್ಚ್ ತಿಂಗಳ ಮಾತು ತೆಗೆದರು. ಕೊರೋನಾ ಕಾಲದಲ್ಲಿ ಕರ್ನಾಟಕವು ಗಡಿಯ ದಾರಿಗಳನ್ನು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಈ ಕಡೆಯ ರೋಗಿಗಳು ತಲಪಾಡಿಯಲ್ಲಿ ನಿಂತುಬಿಟ್ಟಿದ್ದರು. ಕೆಲವರು ಜೀವವನ್ನೇ ಕಳೆದುಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. "ನಮಗೆ ಗಡಿ ಅಂತ ಗೊತ್ತಾದದ್ದೇ ಆವಾಗ" ಎಂದರು ಅವರು. ನಾವು ರೈಲಿನ ಕಿಟಕಿಯಲ್ಲಿ ಗಡಿ ಎಲ್ಲಿ ದಾಟಿತೆಂದೇ ಗಮನಿಸಿರಲಿಲ್ಲ.

ಲೆಕ್ಕ ಕೇಳುವವರಿಗಾಗಿ: ರೈಲಿಗೆ ಹೋಗಿ ಬರಲು ನಾಲ್ಕೂವರೆ ಸಾವಿರದ ಒಳಗೆ, ಎರಡು ಕೋಣೆಗೆ ಎರಡು ರಾತ್ರಿ 4,000, ಊಟ ತಿಂಡಿ 3,900, ಬಸ್ಸು ಆಟೋ 1,100, ಟೊಪ್ಪಿ ಮತ್ತಿತರ 700. ಚಪ್ಪಲಿಯದ್ದನ್ನು ಬರೆದಿಲ್ಲ. ಆಪಾ ಈಗ ಮುಂದಿನ ಚೀಟಿಗೆ ಹೆಸರು ಕೊಟ್ಟಿದ್ದಾಳೆ. ಪಕ್ಕದ ಮನೆಯ ಬಾಜಿ ನನ್ನ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋಗಿ ಹದಿನೈದು ದಿನವಾಯಿತು, ಇನ್ನೂ ವಾಪಸು ಕೊಟ್ಟಿಲ್ಲ.