ನಾಲ್ಕು ಊರು, ಒಂದು ಚಾಕೊಲೇಟ್ ಚಿರೋಟಿ

ನಮ್ಮ ಕಡೆ ಯುಗಾದಿ ಅಂದ್ರೆ ಒಬ್ಬಟ್ಟು, ದೀಪಾವಳಿ ಅಂದ್ರೆ ಕಜ್ಜಾಯ, ಸಂಕ್ರಾಂತಿ ಅಂದ್ರೆ ಎಳ್ಳು-ಬೆಲ್ಲ. ಚಿರೋಟಿ ಮದುವೆ ಊಟದ ಎಲೆಗೆ ಮೀಸಲು. ಆದರೆ ಡಿಸೆಂಬರ್ ಕೊನೆಯ ವಾರಕ್ಕೆ ಏನು? ಆಫೀಸಿಗೆ ರಜೆ, ಮನೆಯ ಮಕ್ಕಳ ಶಾಲೆಗೂ ರಜೆ, ಎಲ್ಲರೂ ಒಟ್ಟಿಗೆ ಸಿಗೋದು ವರ್ಷದಲ್ಲಿ ಅದೊಂದೇ ವಾರ. ಪಂಚಾಂಗದಲ್ಲಿಲ್ಲದ ಈ ಹಬ್ಬಕ್ಕೆ ನಾವೇ ಒಂದು ಸಿಹಿ ಹಚ್ಚಿಕೊಂಡೆವು: ಚಾಕೊಲೇಟ್ ಚಿರೋಟಿ.

ಮಾಡೋ ಜಾಗ ಮಾಗಡಿ ತಾಲ್ಲೂಕಿನ ನಮ್ಮ ಅಜ್ಜಿ ಮನೆ. ಬೆಂಗಳೂರಿನಿಂದ ಹೆಚ್ಚೆಂದರೆ ಒಂದೂವರೆ ಗಂಟೆ ದಾರಿ. ಆದರೂ ಯುಗಾದಿ ವಾರದ ಮಧ್ಯೆ ಬಂದರೆ ಅರ್ಧ ಜನ ವಿಡಿಯೊ ಕಾಲ್‌ನಲ್ಲೇ ಬೇವು-ಬೆಲ್ಲ ತಿಂತಾರೆ. ಅಜ್ಜಿಗೆ ಈಗ ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಮನೆಗೆ ಬೀಗ ಹಾಕಿ ಅವರನ್ನ ಬೆಂಗಳೂರಿಗೆ ಕರ್ಕೊಂಡು ಬರೋಣ ಅನ್ನೋ ಮಾತು ಎರಡು ವರ್ಷದಿಂದ ನಡೀತಿದೆ. ಅಜ್ಜಿಯ ಉತ್ತರ ಬದಲಾಗಿಲ್ಲ: "ಎಲ್ಲಾರೂ ಬರೋ ಒಂದು ದಿನ ಇರೋ ತನಕ ಬಾಗ್ಲು ತೆಗ್ದಿರ್ಲಿ." ಹಾಗಾಗಿ ಆ ಒಂದು ದಿನವನ್ನ ನಾವು ಬಿಟ್ಟುಕೊಡೋ ಹಾಗಿಲ್ಲ.

ಚಿರೋಟಿಯನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಅದು ಒಬ್ಬರಿಂದ ಆಗೋ ಕೆಲಸ ಅಲ್ಲ. ಒಬ್ಬರು ಹಾಳೆಯಂತೆ ತೆಳ್ಳಗೆ ಲಟ್ಟಿಸಬೇಕು, ಒಬ್ಬರು ಅದರ ಮೇಲೆ ತುಪ್ಪ-ಅಕ್ಕಿಹಿಟ್ಟು ಸವರಬೇಕು, ಒಬ್ಬರು ಸುತ್ತಿ ಕತ್ತರಿಸಬೇಕು, ಇನ್ನೊಬ್ಬರು ಬಾಣಲೆ ಕಾಯಬೇಕು. ತಡ ಆದರೆ ಹಾಳೆ ಒಣಗಿ ಬಿರುಕು ಬಿಡುತ್ತೆ. ಕೇಕ್ ಆದರೆ ಬೇಕರಿಯಿಂದ ತಂದುಬಿಡಬಹುದು, ಆಗ ಯಾರೂ ಬೇಗ ಬರೋ ಅಗತ್ಯವೇ ಇರಲ್ಲ.

ನಮ್ಮ ಬಳಗ ನಾಲ್ಕು ತಾಲ್ಲೂಕಲ್ಲಿ ಹಂಚಿಹೋಗಿದೆ. ಬರುವಾಗ ಪ್ರತಿಯೊಬ್ಬರೂ ಒಂದೊಂದು ತರ್ತಾರೆ.

ದಿನಾಂಕ ತರೋದು ರಾಮನಗರದ ಚಿಕ್ಕಪ್ಪ. ಅವರದು ರೇಷ್ಮೆ ಬೆಳೆ. ಹುಳಕ್ಕೆ ನಾಲ್ಕು ಜ್ವರ. ನಾಲ್ಕನೇ ಜ್ವರದಿಂದ ಎದ್ದ ಹುಳ ಹಗಲು ರಾತ್ರಿ ಸೊಪ್ಪು ಕೇಳುತ್ತೆ. ಆ ವಾರ ಅವರು ಮನೆಯ ಹೊಸಿಲು ದಾಟಲ್ಲ. ಹಣ್ಣಾದ ಹುಳ ಚಂದ್ರಿಕೆ ಹತ್ತಿ, ಗೂಡು ಬಿಡಿಸಿ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಹಾಕಿದ ಮೇಲೇ ಅವರಿಗೆ ಬಿಡುವು. ನಮ್ಮ ಆಫೀಸಿನ ಕ್ಯಾಲೆಂಡರು, ಅವರ ಹುಳದ ಕ್ಯಾಲೆಂಡರು ಎರಡೂ ಕೂಡಿ ಬರೋ ದಿನ ಹುಡುಕೋಕೆ ನವೆಂಬರ್‌ನಲ್ಲೇ ವಾಟ್ಸಾಪ್‌ನಲ್ಲಿ ಲೆಕ್ಕ ಶುರು.

ಚನ್ನಪಟ್ಟಣದ ಮಾವ ತರೋದು ಲಟ್ಟಣಿಗೆ. ಗೊಂಬೆ ಮಾಡೋ ಆಲೆ ಮರದ್ದೇ, ಬೆಳ್ಳಗೆ, ನಯವಾಗಿರುತ್ತೆ. ಅಲ್ಲಿನ ಕುಶಲಕರ್ಮಿಗಳು ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ನಮ್ಮ ಲಟ್ಟಣಿಗೆಗೆ ಹಿಡಿಯಲ್ಲಿ ಮಾತ್ರ ಕೆಂಪು-ಹಳದಿ ಉಂಗುರ, ಹಿಟ್ಟು ತಾಗೋ ಕಡೆ ಬರೀ ಮರ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಊರಿನ ಹೊರಗೇ ಹಾರಿಹೋಗ್ತವೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಡಿಮೆ. ನೀವು ಆ ಕಡೆ ಹೋದರೆ ರಾಮನಗರಕ್ಕೆ ಮುಂಚೆಯೇ ಹಳೇ ರಸ್ತೆಗೆ ಇಳಿಯಿರಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೂ ಅದೇ ರಸ್ತೆಯಲ್ಲಿ ಸಿಗುತ್ತೆ.

ಕನಕಪುರದ ದೊಡ್ಡತ್ತೆಯದು ತುಪ್ಪ. ಮನೆಯಲ್ಲಿ ಎರಡು ಹಸು. ಡೇರಿಗೆ ಹಾಕಿ ಉಳಿದ ಹಾಲಿನ ಬೆಣ್ಣೆಯನ್ನ ಎರಡು ವಾರ ಕೂಡಿಟ್ಟು ಕಾಯಿಸ್ತಾರೆ. ಅಂದಹಾಗೆ, ಅರ್ಕಾವತಿ ಹೊಳೆ ಮಾಗಡಿ ಕಡೆಯ ಮಂಚನಬೆಲೆ ಜಲಾಶಯ ದಾಟಿ, ರಾಮನಗರ, ಕನಕಪುರದ ಮೇಲೆ ಹಾದು ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಅತ್ತೆಯ ತುಪ್ಪ ಮಾತ್ರ ಹೊಳೆಗೆ ಎದುರಾಗಿ ಬಸ್ಸಲ್ಲಿ ಬರುತ್ತೆ.

ಕೋಕೋ ಪುಡಿ ಬೆಂಗಳೂರಿನವರ ಪಾಲು. "ಚಾಕ್ಲೇಟು ಫಾರಿನ್ನಿಂದಲ್ವಾ?" ಅಂತ ಅಜ್ಜಿ ಮೊದಲ ವರ್ಷ ಮೂಗು ಮುರಿದಿದ್ದರು. ಕೋಕೋ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ ನಿಜ. ಆದರೆ ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳ ನೆರಳಲ್ಲಿ ಅದು ಎಷ್ಟೋ ವರ್ಷದಿಂದ ಬೆಳೀತಿದೆ. ಪುತ್ತೂರಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಇಷ್ಟು ಹೇಳಿದ ಮೇಲೆ ಅಜ್ಜಿ ಕೋಕೋವನ್ನ ನಮ್ಮೋರ ಲೆಕ್ಕಕ್ಕೆ ಸೇರಿಸಿಕೊಂಡರು.

ಈಗ ವಿಧಾನ. ಒಂದು ಕಪ್ ಚಿರೋಟಿ ರವೆ, ಅರ್ಧ ಕಪ್ ಮೈದಾ, ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು. ಇದನ್ನ ಎರಡು ಪಾಲು ಮಾಡಿ, ಒಂದಕ್ಕೆ ಎರಡು ಚಮಚ ಕೋಕೋ ಸೇರಿಸಿ. ಕೋಕೋ ನೀರು ಕುಡಿಯುತ್ತೆ, ಅದಕ್ಕೆ ಆ ಪಾಲಿಗೆ ನೀರು ಸ್ವಲ್ಪ ಜಾಸ್ತಿ. ಬೇರೆ ಬೇರೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಆಮೇಲೆ ಮೂರು ಬಿಳಿ, ಎರಡು ಕಂದು ಹಾಳೆ ಲಟ್ಟಿಸಿ. ಪ್ರತಿ ಹಾಳೆಗೂ ತುಪ್ಪ-ಅಕ್ಕಿಹಿಟ್ಟು ಸವರಿ, ಬಣ್ಣ ಬದಲಿಸುತ್ತಾ ಒಂದರ ಮೇಲೊಂದು ಇಡಿ. ಬಿಗಿಯಾಗಿ ಸುತ್ತಿ, ಒಂದಿಂಚಿನ ತುಂಡು ಮಾಡಿ, ಸುರುಳಿ ಮೇಲೆ ಬರೋ ಹಾಗೆ ಇಟ್ಟು ಮೆಲ್ಲಗೆ ಲಟ್ಟಿಸಿ.

ಹಾಳೆಗಳು ಅಂಟದ ಹಾಗೆ ತಡೆಯೋದು ಆ ತುಪ್ಪ. ಬಿಸಿಗೆ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನ ಎತ್ತುತ್ತೆ. ಎಣ್ಣೆ ಹದವಾಗಿ ಕಾದಿರಲಿ, ಉರಿ ಸಣ್ಣದಿರಲಿ. ಕೋಕೋ ಬೇಗ ಸೀಯುತ್ತೆ, ಸೀದರೆ ಕಹಿ. ಕಂದು ಪದರ ಬೆಂದಿದೆಯೋ ಇಲ್ಲವೋ ಬಣ್ಣ ನೋಡಿ ಗೊತ್ತಾಗಲ್ಲ, ಆದ್ದರಿಂದ ಬಿಳಿ ಪದರ ನೋಡಬೇಕು. ಅದು ತಿಳಿ ಹೊಂಬಣ್ಣಕ್ಕೆ ಬಂತೋ, ತೆಗೀರಿ.

ಮಕ್ಕಳಿಗೆ ಬೇಕ್ ಮಾಡಿದ್ದೇ ಇಷ್ಟ. ತಂಗಿ ತನ್ನ ಓವನ್ ಕಾರಲ್ಲಿ ಹೊತ್ತು ತರ್ತಾಳೆ. ಮೇಲೆ ತುಪ್ಪ ಸವರಿ, 180 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಕರಿದದ್ದು ಹೂವಿನಂತೆ ಅರಳುತ್ತೆ, ಬೇಕ್ ಮಾಡಿದ್ದು ಅಷ್ಟು ಅರಳಲ್ಲ. ಅಜ್ಜಿ ಅದನ್ನ "ಬಿಸ್ಕತ್ತು" ಅಂತಾರೆ, ಆದರೂ ಎರಡು ತಿಂತಾರೆ. ಮೇಲೆ ಸಕ್ಕರೆ ಪುಡಿ, ಕರಗಿಸಿದ ಚಾಕೊಲೇಟಿನ ಒಂದೆರಡು ಎಳೆ. ಪಕ್ಕಕ್ಕೆ ಬಾದಾಮಿ ಹಾಲು ಇರಲೇಬೇಕು, ಆ ವಿಷಯದಲ್ಲಿ ಅಜ್ಜಿಯ ಹತ್ತಿರ ಮಾತುಕತೆ ಇಲ್ಲ.

ಇದು ನಮ್ಮ ಸಂಪ್ರದಾಯವೇ ಅಂತ ಕೆಲವರು ಕೇಳ್ತಾರೆ. ವಯಸ್ಸು ಲೆಕ್ಕ ಹಾಕಿದರೆ ಅಲ್ಲ, ಇದಕ್ಕೆ ಐದೇ ವರ್ಷ. ಆದರೆ ಮನೆಯ ಹದಿನೇಳು ಜನರೂ ಬರೋದು ಈ ಒಂದು ದಿನಕ್ಕೇ. ಮಧ್ಯಾಹ್ನ ಊಟ ಆದ ಮೇಲೆ ಕೆಲವರು ಸಾವನದುರ್ಗದ ಕಡೆ ಹೊರಡ್ತಾರೆ. ಬೆಟ್ಟದ ಎತ್ತರ 1226 ಮೀಟರ್. ಚಿರೋಟಿ ತಿಂದ ಹೊಟ್ಟೆಯಲ್ಲಿ ಅದನ್ನ ಬುಡದಿಂದ ನೋಡಿ ವಾಪಸ್ ಬರೋದೇ ವಾಸಿ.

ಕಳೆದ ಡಿಸೆಂಬರ್‌ನಲ್ಲಿ ಅಜ್ಜಿ ಲಟ್ಟಣಿಗೆ ಮುಟ್ಟಲಿಲ್ಲ. ಕುರ್ಚಿ ಮೇಲೆ ಕೂತು ಹಾಳೆಗಳನ್ನ ಬೆಳಕಿಗೆ ಹಿಡಿದು ನೋಡಿ, ದಪ್ಪ ಆಗಿದ್ದನ್ನ ಹಿಂದಕ್ಕೆ ಕಳಿಸ್ತಿದ್ದರು. ನನ್ನವು ಮೂರು ವಾಪಸ್ ಬಂದವು, ಒಂಬತ್ತು ವರ್ಷದ ಅಣ್ಣನ ಮಗಳದು ಒಂದೂ ಬರಲಿಲ್ಲ. ಬೀಗದ ಮಾತು ಆ ದಿನ ಯಾರೂ ಎತ್ತಲಿಲ್ಲ. ಈ ವರ್ಷದ ದಿನಾಂಕಕ್ಕೆ ಚಿಕ್ಕಪ್ಪನ ಹುಳಗಳ ಒಪ್ಪಿಗೆ ಬರಬೇಕಿದೆ.