ಮಣಿಕಟ್ಟಿನ ಪಟ್ಟಿ

ತಂಗಿಯ ಮಗಳಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ. ಕಳೆದ ತಿಂಗಳು ಆಸ್ಪತ್ರೆಯಿಂದ ಮರಳಿದಾಗ ಅವಳ ಮಣಿಕಟ್ಟಿನಲ್ಲೊಂದು ಸಣ್ಣ ಪಟ್ಟಿ ಮಾತ್ರ ಇತ್ತು. ಅಲ್ಲಿಂದ ರಕ್ತನಾಳದೊಳಗೆ ತೆಳು ನಳಿಕೆಯನ್ನು ತೂರಿಸಿ, ಎಕ್ಸ್-ರೇ ಪರದೆಯಲ್ಲಿ ದಾರಿ ನೋಡುತ್ತ ಗರ್ಭಕೋಶದ ಅಪಧಮನಿಗಳಿಗೆ ಸಾಗಿಸಿ, ಮರಳಿನಂಥ ಕಣಗಳನ್ನು ಬಿಟ್ಟರಂತೆ. ರಕ್ತ ದೊರೆಯದ ಗಡ್ಡೆ ಕ್ರಮೇಣ ಕುಗ್ಗುತ್ತದೆ, ಗರ್ಭಕೋಶ ಉಳಿಯುತ್ತದೆ. ಮೊದಲ ರಾತ್ರಿಯ ನೋವೇನೂ ಕಡಿಮೆಯಿರಲಿಲ್ಲವಂತೆ.

ಪ್ಯಾರಿಸ್ಸಿನ ವೈದ್ಯ ರವೀನಾ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1995ರಲ್ಲಿ. ಶಸ್ತ್ರಚಿಕಿತ್ಸೆಯ ರಕ್ತಸ್ರಾವ ತಗ್ಗಿಸಲೆಂದು ಮಾಡಿದ್ದು, ಹಲವರಿಗೆ ಶಸ್ತ್ರಚಿಕಿತ್ಸೆಯನ್ನೇ ಅನಗತ್ಯವಾಗಿಸಿತು.

ಇದೇ ಬಗೆಯ ಗಡ್ಡೆಗಾಗಿ ನನ್ನ ಗರ್ಭಕೋಶವನ್ನು ತೆಗೆದದ್ದು 1999ರಲ್ಲಿ. ಆ ದೀರ್ಘ ರಜೆ ಅಂದಿನ ಹತ್ತನೆಯ ತರಗತಿಯವರಿಗೆ ನೆನಪಿರಬಹುದು. “ಮಕ್ಕಳಾಗಿವೆಯಲ್ಲ, ಇನ್ನೇಕದು?” ಎಂದಿದ್ದರು ವೈದ್ಯರು. ಪ್ರಶ್ನೆ ಕೇಳಿರೆಂದು ನಿಮಗೆ ದಿನವೂ ಹೇಳುತ್ತಿದ್ದ ನಾನು, ಬೇರೆ ದಾರಿಯಿದೆಯೇ ಎಂದೂ ಕೇಳದೆ ಸಹಿ ಹಾಕಿದ್ದೆ.